ನಡುಸಾಲಿನ ಹೊತ್ತು

ಭೀಮ ಗದೆ ಎತ್ತಿದ. ಎತ್ತಿದ ಗದೆ ಅವನ ಕೈಬಿಟ್ಟು ಒಂದು ಮಾರು ಆಚೆ ಹೋಗಿ ಗಾಳಿಯಲ್ಲಿ ನಿಂತಿತು. ಆಮೇಲೆ ಕಿರೀಟ ಒಂದು ಕಡೆ ಸರಿಯಿತು, ಮೀಸೆ ಇನ್ನೊಂದು ಕಡೆ. ಓಣಿಯ ಮೇಲೆ ಮೂರಾಳೆತ್ತರಕ್ಕೆ ಬೆಳಕಿನಲ್ಲೇ ಕಟ್ಟಿನಿಂತಿದ್ದ ಆ ಮೈ ಸೊಂಟದ ಹತ್ತಿರ ಹರಿದು, ಮೇಲಿನ ಭೀಮ ಬೇರೆ, ಕೆಳಗಿನ ಭೀಮ ಬೇರೆ ಆಗಿ ಕುಣಿಯತೊಡಗಿದರು. ಗುಡ್ಡದ ಮೈಗೆ ಮೆಟ್ಟಿಲಂತೆ ನಿಂತ ಮೂರೂ ಸಾಲು ಮನೆಗಳ ಕಟ್ಟೆಗಳಿಂದ ನಗೆ ಎದ್ದಿತು.

ಕೆಳಸಾಲಿನ ಅಂಗಳದಲ್ಲಿ ನಿಜವಾಗಿ ಕುಣಿಯುತ್ತಿದ್ದ ಭೀಮನಿಗೆ ಇದೊಂದೂ ಗೊತ್ತಿರಲಿಲ್ಲ. ಆ ಭೀಮನ ಹೆಸರು ಹಂಪಮ್ಮ. ಎಪ್ಪತ್ತರ ಹತ್ತಿರದ ಹೆಂಗಸು. ಓಣಿಯ ಹೆಂಗಸರ ಬಯಲಾಟದ ಮೇಳಕ್ಕೆ ಅವಳೇ ಮುಂದಾಳು. ನಗೆ ಕೇಳಿ ಹೆಜ್ಜೆ ನಿಲ್ಲಿಸಿದಳು.

“ಯಾಕ ನಗ್ತೀರಿ? ನಾನು ದುಶ್ಶಾಸನನ ಎದಿ ಬಗಿಯಾಕ ಹೊಂಟೀನಿ, ನೀವು ಹಲ್ಲು ಕಿಸೀತೀರಲ್ಲ!”

“ಅತ್ತಿ, ನೀವು ಎರಡು ಹೋಳಾಗೀರಿ,” ಎಂದು ಸೊಸೆ ನಾಗವೇಣಿ ಒಳಗಿನಿಂದ ಕೂಗಿದಳು. ಅವಳಿಗೆ ನಗು ಬರಲಿಲ್ಲ. ಚಿತ್ರ ಹರಿಯುತ್ತಿರುವುದು ಅದೇ ಮೊದಲಲ್ಲ.

ಆ ಕಾಲಕ್ಕೆ ದೊಡ್ಡ ಊರುಗಳಲ್ಲೆಲ್ಲ ಬಯಲುಚಿತ್ರ ಬಂದಿತ್ತು. ಪರದೆ ಬೇಡ, ಗೋಡೆ ಬೇಡ; ಸುತ್ತಲ ಮಾಳಿಗೆಗಳಿಂದ ಹೊರಟ ಬೆಳಕಿನ ಅಲೆಗಳು ನಡುಬಯಲಿನಲ್ಲಿ ಒಂದಕ್ಕೊಂದು ಕೂಡಿದ ಕಡೆ ಚಿತ್ರ ತಾನಾಗಿ ನಿಲ್ಲುತ್ತಿತ್ತು. ಊರುಗಳಲ್ಲಿ ಅದನ್ನು ನಡೆಸುತ್ತಿದ್ದವು ಕಂಪನಿಗಳು. ಸಂಡೂರಿನ ಅದಿರು ಗುಡ್ಡಗಳ ನಡುವೆ, ಮುಚ್ಚಿಹೋದ ಒಂದು ಗಣಿಯ ಪಕ್ಕ ಅಂಟಿಕೊಂಡಿದ್ದ ಕೆಮ್ಮಣ್ಣು ಓಣಿಗೆ ಯಾವ ಕಂಪನಿಯೂ ಬರಲಿಲ್ಲ. ಗಣಿ ನಡೆಯುತ್ತಿದ್ದಾಗ ನಾಗವೇಣಿ ಅದರ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕಿದ್ದಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಗಣಿ ನಿಂತ ಮೇಲೆ ಮನೆಯ ಹಿಂದಿನ ಕೋಣೆಯಲ್ಲೇ ಮೊಬೈಲು, ಟಿವಿ ರಿಪೇರಿ ಮಾಡುತ್ತಿದ್ದಳು. ದೊಡ್ಡ ಊರಿನವರು ಹಳತಾಯಿತೆಂದು ಎಸೆದ ಬಯಲುಚಿತ್ರದ ಡಬ್ಬಿಗಳನ್ನು ಗುಜರಿಯಿಂದ ಆರಿಸಿ ತಂದು, ಅವುಗಳಿಗೆ ಚಾವಡಿ ಹಾಕಿದಳು.

ಚಾವಡಿ ಎಂಬುದು ಒಂದು ಪ್ರೋಗ್ರಾಮು. ಯಾರೊಬ್ಬರ ಸ್ವತ್ತೂ ಅಲ್ಲ. ನಾನಾ ದೇಶದ ಜನ ಕೂಡಿ ಬರೆದದ್ದು. ಬೇಕಾದವರು ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದನ್ನು ಹಾಕಿದ ಡಬ್ಬಿ ಕಂಪನಿಯ ಅಪ್ಪಣೆಗೆ ಕಾಯುವುದಿಲ್ಲ. ಒಂದು ಮನೆಯ ಅಂಗಳದಲ್ಲಿ ನಡೆದದ್ದನ್ನು ಓಣಿಗೆಲ್ಲ ಕಾಣುವಂತೆ ಬಿತ್ತರಿಸಬೇಕೆಂದರೆ ಮನೆಮನೆಯ ಡಬ್ಬಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಚಿತ್ರ ಕಟ್ಟುತ್ತವೆ. ಡಬ್ಬಿ ಮನೆಯೊಳಗೆ ನೆಲದ ಮೇಲೆ, ಬೆಳಕು ಬೀರುವ ಗಾಜು ಮಾಳಿಗೆಯ ಮೇಲೆ. ಆದರೆ ಎಲ್ಲ ಮಾಳಿಗೆಯ ಅಲೆಗಳೂ ಒಂದೇ ಗಳಿಗೆಗೆ ಬಂದು ಸೇರಬೇಕು. ಅದಕ್ಕಾಗಿ ಪ್ರತಿ ಡಬ್ಬಿಯಲ್ಲೂ ಒಂದು ಗಡಿಯಾರವಿತ್ತು: ತೊಗರಿಬೇಳೆಯಷ್ಟು ಗಾಜಿನೊಳಗೆ ಹಿಡಿದಿಟ್ಟ ಕೆಲವು ಪರಮಾಣುಗಳು, ಅವುಗಳ ಮಿಡಿತವನ್ನು ಎಣಿಸುವ ಒಂದು ಕಿರಣ. ಲೋಕ ಹುಟ್ಟಿದ ದಿನದಿಂದ ಓಡಿದ್ದರೂ ಒಂದು ಸೆಕೆಂಡು ಹಿಂದೆ ಮುಂದೆ ಆಗದಂಥ ಗಡಿಯಾರ. ಅಂಥದ್ದು ಗುಜರಿಗೂ ಬರುವ ಕಾಲ ಬಂದಿತ್ತು.

ಇಷ್ಟು ನಿಖರವಾದ ಗಡಿಯಾರಗಳಿದ್ದೂ ಚಿತ್ರ ಯಾಕೆ ಹರಿಯಬೇಕು? ಹರಿಯುತ್ತಿದ್ದದ್ದು ಸದಾ ಒಂದೇ ರೀತಿ. ಮೇಲ್ಸಾಲಿನ ಮನೆಗಳು ಬೀರಿದ ಬೆಳಕು ಒಂದಕ್ಕೊಂದು ಕೂಡುತ್ತಿತ್ತು, ಕೆಳಸಾಲಿನದೂ ಕೂಡುತ್ತಿತ್ತು. ಮೇಲಿನದೂ ಕೆಳಗಿನದೂ ಮಾತ್ರ ಕೂಡುತ್ತಿರಲಿಲ್ಲ. ಮೇಲ್ಸಾಲಿನ ಹುಲುಗಪ್ಪನ ಮನೆಯ ಡಬ್ಬಿಯನ್ನು ತಂದು ನಾಗವೇಣಿ ತನ್ನ ಮನೆಯಲ್ಲಿಟ್ಟಳು, ತನ್ನದನ್ನು ಅವನ ಮನೆಗೆ ಕೊಟ್ಟಳು. ಡಬ್ಬಿ ಬದಲಾಯಿತು, ರೋಗ ಬದಲಾಗಲಿಲ್ಲ. ಮೇಲೆ ಹೋದ ಡಬ್ಬಿಯ ಗಡಿಯಾರ ಮುಂದೆ ಓಡಿತು. ಕೆಳಗೆ ಬಂದದ್ದು ಹಿಂದೆ ಬಿತ್ತು. ವೈರು ನೋಡಿದಳು, ಕರೆಂಟು ನೋಡಿದಳು, ಸೆಕೆ ನೋಡಿದಳು. ಸೋತು, ಚಾವಡಿ ಬರೆಯುವವರ ಬಳಗಕ್ಕೆ ಎಲ್ಲವನ್ನೂ ವಿವರಿಸಿ ಬರೆದಳು.

ಮರುದಿನ ಅಂಡಮಾನಿನಿಂದ ಫೋನ್ ಬಂತು. ಮಾತಾಡಿದವರು ಉದಯ ಹರಿಕಂತ್ರ. ಹುಟ್ಟಿದ್ದು ಕಾರವಾರ, ಈಗ ಅಂಡಮಾನಿನ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟರು. ಚಾವಡಿಯಲ್ಲಿ ಗಡಿಯಾರಗಳನ್ನು ಹೊಂದಿಸುವ ಭಾಗವನ್ನು ನೋಡಿಕೊಳ್ಳುತ್ತಿದ್ದವರು ಅವರೇ.

“ನಿಮ್ಮ ಓಣಿ ಗುಡ್ಡದ ಮೇಲೆ ಅದೆಯಾ?” ಎಂದು ಕೇಳಿದರು.

“ಗುಡ್ಡದ ಮೈಮ್ಯಾಲೆ ಐತ್ರಿ ಸರ.”

“ಕೆಳಗಿನ ಮನೆಗೂ ಮೇಲಿನ ಮನೆಗೂ ಎಷ್ಟು ಎತ್ತರ ಆಗಬಹುದು?”

“ಹತ್ತು ಹನ್ನೆರಡು ಅಂತಸ್ತಿನಷ್ಟು ಆಕ್ಕೈತ್ರಿ.”

ಆ ಕಡೆ ಕಾಗದದ ಮೇಲೆ ಪೆನ್ಸಿಲ್ ಓಡಿದ ಸದ್ದು ಕೇಳಿತು. ಆಮೇಲೆ ಉದಯ ಮೇಷ್ಟರು ನಿಧಾನಕ್ಕೆ ಹೇಳಿದರು: “ತಪ್ಪು ಪ್ರೋಗ್ರಾಮಿನದ್ದಲ್ಲ ಮಾರಾಯ್ರೇ. ನಿಮ್ಮ ಗಡಿಯಾರದ್ದೂ ಅಲ್ಲ. ಎಲ್ಲಾ ಸರಿಯಾಗೇ ಓಡ್ತಾ ಅವೆ. ನಿಮ್ಮ ಮೇಲಿನ ಮನೇಲಿ ಹೊತ್ತೇ ಬೇಗ ಹೋಗ್ತಾ ಅದೆ.”

ಭೂಮಿಗೆ ಹತ್ತಿರವಾದಷ್ಟೂ ಕಾಲ ನಿಧಾನ, ದೂರವಾದಷ್ಟೂ ಚುರುಕು. ನಾಗವೇಣಿ ಇದನ್ನು ಓದಿಯೇ ಇದ್ದಳು. ಆದರೆ ಓದಿದ್ದು ನಕ್ಷತ್ರಗಳ ಮಾತಾಗಿ, ಉಪಗ್ರಹಗಳ ಮಾತಾಗಿ. ಊರುಗಳಲ್ಲಿ ಕಂಪನಿಯ ಕೇಂದ್ರವೊಂದು ಎಲ್ಲ ಗಡಿಯಾರಗಳನ್ನೂ ಎಳೆದು ತನ್ನ ಲೆಕ್ಕಕ್ಕೆ ತಂದುಬಿಡುತ್ತಿದ್ದರಿಂದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಕೆಮ್ಮಣ್ಣು ಓಣಿಯಲ್ಲಿ ಎಳೆಯುವವರು ಇರಲಿಲ್ಲ. ಒಂದೊಂದು ಮನೆಯೂ ತನ್ನ ಹೊತ್ತನ್ನು ತಾನೇ ಹೇಳುತ್ತಿತ್ತು.

ಫೋನ್ ಇಟ್ಟವಳೇ ಒಂದು ಡಬ್ಬಿಯನ್ನು ನೆಲದ ಮೇಲಿಟ್ಟಳು, ಇನ್ನೊಂದನ್ನು ಅಟ್ಟಕ್ಕೆ ಏರಿಸಿದಳು. ಕಂಪ್ಯೂಟರಿನ ಪರದೆಯ ಮೇಲೆ ಎರಡು ಗೆರೆಗಳು ಒಂದರ ಮೇಲೊಂದು ಮಲಗಿದ್ದವು. ನೋಡನೋಡುತ್ತ ಬೇರೆಯಾದವು. ಅಟ್ಟದ ಡಬ್ಬಿಯನ್ನು ಇಳಿಸಿ ಬೀಸುವ ಕಲ್ಲಿನ ಮೇಲಿಟ್ಟಳು. ಗೆರೆಗಳು ಆಗಲೂ ಅಗಲಿದವು, ಆದರೆ ಬಹಳ ಮೆಲ್ಲಗೆ. ನೆಲಕ್ಕೇ ಇಳಿಸಿದಳು; ಅಗಲುವುದು ನಿಂತಿತು. ನಾಗವೇಣಿ ಅಲ್ಲೇ ಕುಸಿದು ಕುಳಿತಳು. ಅವಳ ಅಡುಗೆಮನೆಯಲ್ಲೇ, ಅಟ್ಟಕ್ಕೊಂದು, ಒಲೆಕಟ್ಟೆಗೊಂದು, ನೆಲಕ್ಕೊಂದು ಕಾಲ ಹರಿಯುತ್ತಿತ್ತು. ಅವಳ ತಲೆಗೂ ಕಾಲಿಗೂ ಒಂದೇ ವಯಸ್ಸಾಗಿರಲಿಲ್ಲ. ಹುಟ್ಟಿದಂದಿನಿಂದ ಈ ಹೊಳೆಯೊಳಗೆ ನಿಂತಿದ್ದೂ ಒದ್ದೆಯಾದದ್ದು ಈಗಷ್ಟೇ ಗೊತ್ತಾದಂತೆ ಅವಳ ಮೈ ಜುಮ್ಮೆಂದಿತು.

ಹಂಪಮ್ಮ ಬಂದು ನೋಡಿದಳು. “ಯಾಕವ್ವ, ಕರೆಂಟ್ ಹೊಡೀತೇನು?”

“ಇಲ್ಲ ಅತ್ತಿ. ಅಟ್ಟದ ಮ್ಯಾಲಿನ ಹೊತ್ತು ಬ್ಯಾರೆ ಐತಿ, ನೆಲದ ಮ್ಯಾಲಿನ ಹೊತ್ತು ಬ್ಯಾರೆ ಐತಿ. ಮ್ಯಾಲೆ ಜಲ್ದಿ ಹೊಕ್ಕೈತಿ.”

ಹಂಪಮ್ಮ ತಲೆಯೆತ್ತಿ ಅಟ್ಟವನ್ನು ಬಹಳ ಹೊತ್ತು ನೋಡಿದಳು. “ಅದಕ್ಕೇನು ಅಟ್ಟದಾಗಿನ ಉಪ್ಪಿನಕಾಯಿ ಜಲ್ದಿ ಕಳಿಯೂದು?” ಎಂದಳು. ಆದರೆ ಅಂದಿನಿಂದ ಅಟ್ಟದ ಕೆಳಗೆ ಹಾದುಹೋಗುವಾಗೆಲ್ಲ ಒಮ್ಮೆ ಮೇಲೆ ನೋಡುತ್ತಿದ್ದಳು.

ಸುದ್ದಿ ಓಣಿಯಲ್ಲಿ ಹಬ್ಬಿತು. ಮೇಲ್ಸಾಲಿನ ಹುಲುಗಪ್ಪ ತನ್ನ ಬೋಳುತಲೆ ಸವರಿಕೊಂಡು, “ನೋಡ್ರಿ, ನಂದು ಮೊದಲು ಉದುರಿದ್ದು ಯಾಕಂತ ಈಗ ತಿಳೀತಲ್ಲ,” ಎಂದ. ಬಸುರಿ ಸೊಸೆಯೊಬ್ಬಳು ಕೆಳಸಾಲಿನ ತವರಿಗೇ ಹೋಗಿ ಹೆರುತ್ತೇನೆಂದು ಹಟ ಹಿಡಿದಳು. ಒಂದು ಜನ್ಮ ಪೂರ್ತಿ ಬಾಳಿದರೂ ವ್ಯತ್ಯಾಸ ರೆಪ್ಪೆ ಬಡಿಯುವಷ್ಟೂ ಆಗುವುದಿಲ್ಲವೆಂದು ನಾಗವೇಣಿ ಸಾರಿ ಸಾರಿ ಹೇಳಿದಳು. ನಗುತ್ತಲೇ ಕೇಳಿದರು. ಆದರೂ ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತುವ ಹೆಂಗಸರು ನಡುವೆ ಒಂದು ಮೆಟ್ಟಿಲಲ್ಲಿ ತಡೆದು ನಿಲ್ಲುವುದನ್ನು ಅವಳು ಕಂಡಳು. ಏನೋ ದಾಟುತ್ತಿದ್ದೇವೆಂಬಂತೆ.

ಉದಯ ಮೇಷ್ಟರು ಚಾವಡಿಗೆ ಹೊಸದೊಂದು ಭಾಗ ಬರೆದು ಕಳಿಸಿದರು. ಪ್ರತಿ ಮನೆಯ ಎತ್ತರ ಕೊಟ್ಟರೆ ಅಲ್ಲಿನ ಹೊತ್ತಿನ ಲೆಕ್ಕ ಅದೇ ಮಾಡಿಕೊಳ್ಳುತ್ತಿತ್ತು. ಮುಂದಿನ ಆಟದಲ್ಲಿ ಭೀಮ ಅಖಂಡವಾಗಿ ನಿಂತ. ಕಿರೀಟದ ಒಂದೊಂದು ಹರಳೂ ಮಿನುಗಿತು. ದುಶ್ಶಾಸನ ಬಿದ್ದಾಗ ಮೂರೂ ಸಾಲಿನಿಂದ ಸಿಳ್ಳು ಹೊಡೆದರು.

ಆ ವರ್ಷ ಶ್ರಾವಣದ ಮಳೆ ಆ ಸೀಮೆಯವರು ಕಂಡರಿಯದ ಹಾಗೆ ಹಿಡಿಯಿತು. ಮಳೆ ಬಿಟ್ಟ ಸಂಜೆಗಳಲ್ಲಿ ಚಿತ್ರ ಹಾಕಿದಾಗ ಮೂಡಲ ಕಡೆಯ ಅಂಚು ಸುಕ್ಕಾಗಿ ಕಂಡಿತು. ನಾಗವೇಣಿ ಪರದೆ ನೋಡಿದಳು. ನಡುಸಾಲಿನ ಮೂಡಲ ತುದಿಯ ಐದು ಮನೆಗಳ ಗಡಿಯಾರಗಳು ಹಿಂದೆ ಬೀಳುತ್ತಿದ್ದವು. ಎತ್ತರದ ಲೆಕ್ಕವನ್ನು ಒಂದು ಬೆರಳಿನಷ್ಟು ಇಳಿಸಿದಳು, ಚಿತ್ರ ನೆಟ್ಟಗಾಯಿತು. ಮರುದಿನ ಮತ್ತೆ ಸುಕ್ಕು. ಮತ್ತೆ ಇಳಿಸಿದಳು. ಹೀಗೇ ದಿನಾ ಇಳಿಸುತ್ತ ಹೋಗಿ, ಒಂದು ಬೆಳಿಗ್ಗೆ ಆ ಅಂಕಿಗಳನ್ನು ಸಾಲಾಗಿ ಬರೆದು ನೋಡಿದಳು. ಒಂದೂ ಮೇಲೆ ಏರಿರಲಿಲ್ಲ.

ಹೊಸ ಡಬ್ಬಿಯೊಂದನ್ನು ಎತ್ತಿಕೊಂಡು ನಡುಸಾಲಿಗೆ ಓಡಿದಳು. ಐದು ಮನೆಗಳಲ್ಲಿ ಕೊನೆಯದು ಹುಸೇನ್‌ಬಿಯದು. ಅವಳೂ ನಾಗವೇಣಿಯೂ ಗಣಿಯ ಕಾಲದಿಂದ ಜೊತೆಗಾತಿಯರು; ನಾಗವೇಣಿಗೆ ಅವಳು ‘ಆಪಾ’, ಅಕ್ಕನಂತೆ. ಆಗ ಕ್ಯಾಂಟೀನಿನಲ್ಲಿದ್ದ ಹುಸೇನ್‌ಬಿ ಈಗ ಮನೆಮುಂದೆ ಬೆಳಿಗ್ಗೆ ಮಂಡಕ್ಕಿ ವಗ್ಗರಣಿ, ಮಿರ್ಚಿ ಮಾರುತ್ತಿದ್ದಳು. ಎಣ್ಣೆಯ ಬಾಣಲೆ ಮುಂದೆ ಕುಳಿತಿದ್ದವಳು ನಾಗವೇಣಿಯ ಮುಖ ನೋಡಿ ಒಲೆ ಸಣ್ಣ ಮಾಡಿದಳು.

“ಏನಾತ ನಾಗೂ?”

“ಆಪಾ, ನಿನ್ನ ಡಬ್ಬಿ ಬದಲು ಮಾಡ್ತೀನಿ, ತಡಿ.” ಬದಲು ಮಾಡಿ ಕಾದಳು. ಹೊಸದೂ ಹಿಂದೆ ಬಿತ್ತು. “ಗ್ವಾಡಿ ಎಲ್ಲೆರ ಬಿರಿದೈತೇನು? ಬಾಗಿಲಾ ಬಿಗಿ ಆಗೈತೇನು?”

“ಒಂದು ಗೀರು ಇಲ್ಲ. ನೀನs ನೋಡು. ಇಟ್ಟಂಗಿ ಹೊತ್ತು ನಾನs ಕಟ್ಟಿದ ಮನಿ ಇದು. ಯಾಕ?”

“ನಿನ್ನ ಮನಿಯಾಗ ಹೊತ್ತು ದಿನಾ ದಿನಾ ನಿಧಾನ ಆಗಾಕ ಹತ್ತೈತಿ. ಅಂದ್ರ ನಿನ್ನ ಮನಿ ಕೆಳಗ ಇಳ್ಯಾಕ ಹತ್ತೈತಿ, ಆಪಾ. ಗೀರು ಬೀಳ್ದಂಗ, ಇಡೀ ನೆಲಾನs.”

ಮೇಲ್ಸಾಲು ನಿಂತಿದ್ದು ಬಂಡೆಯ ಮೇಲೆ. ನಡುಸಾಲು ನಿಂತಿದ್ದು ಗಣಿಯವರು ಹಿಂದೆ ಸುರಿದ ಮಣ್ಣಿನ ಡಂಪಿನ ಮೇಲೆ. ಅದರ ಬುಡದಲ್ಲಿ ಕೆಳಸಾಲು. ಇದು ಎಲ್ಲರಿಗೂ ಗೊತ್ತಿತ್ತು. ಹುಲ್ಲು ಬೆಳೆದು, ಬೇವಿನ ಮರ ಬೆಳೆದು, ಅದು ಡಂಪೆಂಬುದನ್ನು ಎಲ್ಲರೂ ಮರೆತಿದ್ದರು.

ನಾಗವೇಣಿ ಉದಯ ಮೇಷ್ಟರಿಗೆ ಫೋನ್ ಮಾಡಿ ಅಂಕಿಗಳನ್ನೆಲ್ಲ ಓದಿ ಹೇಳಿದಳು. “ಒಂದು ಕೆಲಸ ಮಾಡಿ,” ಎಂದರು ಅವರು. “ಬಿಸಿಲಿಗೆ ಮಾಳಿಗೆ ಹಿಗ್ತದೆ, ಗಾಳಿಗೆ ಅಲ್ಲಾಡ್ತದೆ. ಹಾಗಾಗಿ ಮನೆ ಮನೆ ನಡುವಿನ ದೂರ ಬದಲಾದ್ರೆ ಚಾವಡಿ ಸದ್ದಿಲ್ಲದೆ ಸರಿಮಾಡಿಕೊಳ್ತದೆ. ಯಾರಿಗೂ ತೋರಿಸೋದಿಲ್ಲ. ಆ ಅಂಕಿ ತೆಗೆದು ನೋಡಿ.”

ತೆಗೆದು ನೋಡಿದಳು. ಐದೂ ಮನೆಗಳು ಕೆಳಗೆ ಇಳಿಯುತ್ತಿದ್ದದ್ದು ಮಾತ್ರವಲ್ಲ, ಮುಂದಕ್ಕೂ ಬರುತ್ತಿದ್ದವು. ಕೆಳಸಾಲಿನ ಕಡೆಗೆ.

ಜಿಲ್ಲೆಯಿಂದ ಭೂವಿಜ್ಞಾನದ ಅಧಿಕಾರಿಯೊಬ್ಬರು ಬಂದರು. ಮಳೆಯಲ್ಲೇ ಗುಡ್ಡ ಹತ್ತಿ ಇಳಿದರು, ನಾಗವೇಣಿಯ ಹಿಂದಿನ ಕೋಣೆಯಲ್ಲಿ ಪರದೆಯ ಮುಂದೆ ಕುಳಿತು ಚಹಾ ಆರಿಹೋಗುವವರೆಗೂ ಅಂಕಿ ನೋಡಿದರು. “ಡಂಪಿನ ಬುಡದಲ್ಲಿ ಮಳೆಗಾಲದಲ್ಲಿ ಯಾವಾಗ್ಲೂ ನೀರು ಜಿನುಗ್ತಿತ್ತಾ?” ಎಂದು ಕೇಳಿದರು.

“ಹೂನ್ರಿ ಮೇಡಂ. ಈ ವರ್ಷ ನಿಂತೈತಿ.”

“ನಿಂತಿಲ್ಲ ಅಮ್ಮಾ. ಒಳಗೆ ತುಂಬ್ತಾ ಇದೆ.” ಅವರು ಎದ್ದು ನಿಂತರು. “ಹಳ್ಳದ ಆಚೆ ಶಾಲೆ ಬೀಗ ತೆಗೆಸ್ತೀನಿ, ಅಕ್ಕಿ ಬೇಳೆ ಕಳಿಸ್ತೀನಿ. ಬಲವಂತವಾಗಿ ಎಬ್ಬಿಸೋಕೆ ಆರ್ಡರ್ ಬೇಕು, ಅದು ಬರೋ ಹೊತ್ತಿಗೆ ಏನಾಗುತ್ತೋ. ನಿಮ್ಮ ಜನ ನಿಮ್ಮ ಮಾತು ಕೇಳ್ತಾರಾ?”

ಜನ ಕೇಳಲಿಲ್ಲ. ಕಟ್ಟೆಯ ಮೇಲೆ ಸೇರಿದವರೆಲ್ಲರ ಪರವಾಗಿ ಹುಲುಗಪ್ಪನೇ ಮಾತಾಡಿದ. “ತಂಗೀ, ಮೋಡ ನೋಡಿ ಏಳ್ರಿ ಅಂದ್ರ ಏಳ್ತೀವಿ. ಗ್ವಾಡಿ ಬಿರೀತು ಅಂದ್ರ ಓಡ್ತೀವಿ. ಗಡಿಯಾರ ನಿಧಾನ ಆತು ಅಂತ ಯಾರರ ಮನಿ ಬಿಡ್ತಾರೇನು?”

“ನನಗ ಕಂಡದ್ದು ನಿಮಗ ಕಾಣ್ವಲ್ದು. ಅದಕ್ಕ ಹಂಗಂತೀರಿ,” ಎಂದಳು ನಾಗವೇಣಿ. “ಇವತ್ತು ಸಂಜೀಕ ಮಳಿ ಬಿಟ್ರ ಎಲ್ಲಾರೂ ಬರ್ರಿ. ಆಟ ಇಲ್ಲ, ಪದ ಇಲ್ಲ. ಕಾಣಂಗ ಮಾಡ್ತೀನಿ.”

ಸಂಜೆ ಮಳೆ ಬಿಟ್ಟಿತು. ನಾಗವೇಣಿ ತಾನು ಇಷ್ಟು ದಿನ ಮಾಡುತ್ತಿದ್ದ ತಿದ್ದುಪಡಿಯನ್ನು ನಿಲ್ಲಿಸಿದಳು. ಮೂಡಲಿಂದ ಪಡುವಲಿಗೆ, ಓಣಿಯ ಉದ್ದಕ್ಕೂ, ಎಲ್ಲ ಮನೆಗಳ ಮೇಲೆ ಒಂದು ಬೆಳಕಿನ ಗೆರೆ ಎಳೆದಳು. ಬೇರೇನೂ ಇಲ್ಲ. ಕಟ್ಟಡದವರ ದಾರದಂಥ ನೇರ, ಬಿಳಿ ಗೆರೆ. ಜನ ರೊಟ್ಟಿ ಕಟ್ಟಿಕೊಂಡೇ ಬಂದು ಕುಳಿತಿದ್ದರು. ಸ್ವಲ್ಪ ಹೊತ್ತು ನೋಡಿದರು, ತಮ್ಮತಮ್ಮಲ್ಲಿ ಮಾತಿಗೆ ಇಳಿದರು, ತಿನ್ನತೊಡಗಿದರು.

ಮೊದಲು ಮಾತು ನಿಲ್ಲಿಸಿದವಳು ಹಂಪಮ್ಮ. ಕೈಯಲ್ಲಿನ ತುತ್ತು ಹಾಗೇ ಇತ್ತು. ಅವಳು ನೋಡುತ್ತಿದ್ದ ಕಡೆ ಒಬ್ಬೊಬ್ಬರೇ ತಿರುಗಿದರು.

ಗೆರೆ ಬಗ್ಗಿತ್ತು. ಪಡುವಲಲ್ಲಿ ಮೊದಲಿನಂತೇ ನೇರ. ಮೇಲ್ಸಾಲಿನ ಬಂಡೆಯ ಕಡೆಗೆ ಅಲುಗಾಟವಿಲ್ಲ. ನಡುಸಾಲಿನ ಆ ಐದು ಮಾಳಿಗೆಗಳ ಮೇಲೆ ಮಾತ್ರ ಒದ್ದೆ ಬಟ್ಟೆಯ ಭಾರಕ್ಕೆ ಹಗ್ಗ ಜೋಲುವಂತೆ ಜೋತಿತ್ತು. ಯಾರೂ ಅದನ್ನು ಎಳೆದಿರಲಿಲ್ಲ. ಗಾಳಿಯೂ ಇರಲಿಲ್ಲ. ಹೊತ್ತೇ ಅಲ್ಲಿ ತಗ್ಗಾಗುತ್ತಿತ್ತು, ಮತ್ತು ಅದು ಕಣ್ಣಿಗೆ ಕಾಣುತ್ತಿತ್ತು. ನೋಡುತ್ತಿದ್ದ ಹಾಗೇ ಇನ್ನೂ ಒಂದು ಕೂದಲೆಳೆಯಷ್ಟು ಇಳಿಯಿತು. ಹುಲುಗಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಹುಸೇನ್‌ಬಿ ಎದ್ದು ನಡೆದು ತನ್ನ ಮನೆಯ ಮುಂದೆ, ಗೆರೆ ಎಲ್ಲಕ್ಕಿಂತ ಹೆಚ್ಚು ಜೋತಿದ್ದ ಕಡೆ ಹೋಗಿ ನಿಂತಳು. ತಲೆಯೆತ್ತಿ ನೋಡಿದಳು. ಬಾಗಿಲ ಚೌಕಟ್ಟಿಗೆ ಕೈಯಿಟ್ಟಳು. ಆಮೇಲೆ ಒಳಗೆ ಹೋಗಿ ಬಾಣಲೆ ಎತ್ತಿಕೊಂಡು ಹೊರಗೆ ಬಂದಳು.

“ನಡೀರಿ,” ಎಂದಳು. “ನನ್ನ ಮನಿ ತಾನs ಹೇಳಾಕ ಹತ್ತೈತಿ. ಇನ್ನೇನು ಕೇಳಬೇಕು?”

ಬೆಳಗಾದೊಡನೆ ಓಣಿ ಹೊರಟಿತು. ಪಾತ್ರೆ, ಹಾಸಿಗೆ, ಮೇಕೆ, ಮೇಳದ ಪೆಟ್ಟಿಗೆ. ಮೇಲ್ಸಾಲಿನವರು ತಮಗೇನೂ ಆಗದೆಂದು ತಿಳಿದೂ ಕೆಳಗಿನವರ ಸಾಮಾನು ಹೊರುತ್ತ ಜೊತೆಗೇ ಬಂದರು. ಡಬ್ಬಿಗಳನ್ನು ಮಾತ್ರ ನಾಗವೇಣಿ ಮನೆಗಳಲ್ಲೇ ಬಿಡಿಸಿದಳು, ಬ್ಯಾಟರಿಗೆ ಹಚ್ಚಿ. ಶಾಲೆಯ ಮೇಷ್ಟರ ಕೋಣೆಯಲ್ಲಿ ತನ್ನ ಕಂಪ್ಯೂಟರ್ ಇಟ್ಟುಕೊಂಡಳು. ಹಳ್ಳದಾಚೆ, ಕಿಟಕಿಯಲ್ಲಿ, ಓಣಿ ಪೂರ್ತಿ ಕಾಣುತ್ತಿತ್ತು.

ಎರಡು ದಿನ ಬರೀ ಅಂಕಿಗಳು. ಕೆಲವರು ಗೊಣಗಿದರು, ಒಬ್ಬಿಬ್ಬರು ಕೋಳಿಗೆ ಕಾಳು ಹಾಕಿ ಬರುತ್ತೇವೆಂದು ಹೊರಟರು. ಹಂಪಮ್ಮ ಭೀಮನ ದನಿಯಲ್ಲಿ ಗದರಿಸಿ ಕೂರಿಸಿದಳು. ಮೂರನೆಯ ದಿನ ಮಧ್ಯಾಹ್ನ, ಅನ್ನ ಬಸಿಯುವ ಹೊತ್ತಿಗೆ, ಪರದೆಯ ಮೇಲಿನ ಐದು ಗೆರೆಗಳು ಒಟ್ಟಿಗೆ ಬಾಗಿದವು. ನಾಗವೇಣಿ ಕಿಟಕಿಗೆ ಓಡಿದಳು.

ಮೊದಲು ಬೇವಿನ ಮರ ನಡೆಯಿತು. ಬೀಳಲಿಲ್ಲ, ನಿಂತಂತೆಯೇ ಮುಂದೆ ಬಂತು. ಆಮೇಲೆ ನಡುಸಾಲಿನ ಮನೆಗಳು ಒಂದರ ಕೈ ಒಂದು ಹಿಡಿದವರಂತೆ ಸಾಲಾಗಿ ಇಳಿದವು. ಸದ್ದು ತಡವಾಗಿ ಬಂತು, ಶಾಲೆಯ ಹಂಚು ಗಲಗಲ ಎಂದವು. ಕೆಳಸಾಲು ಎಲ್ಲಿತ್ತೋ ಅಲ್ಲಿ ಕೆಂಪು ಮಣ್ಣು ಹರಡಿ, ಹಳ್ಳದ ದಡದವರೆಗೆ ಬಂದು, ಉಸಿರು ಬಿಟ್ಟಂತೆ ನಿಂತಿತು. ಮೇಲೆ ಬಂಡೆಯ ಮೇಲೆ ಹುಲುಗಪ್ಪನ ಸಾಲು ಬತ್ತಲಾಗಿ ಉಳಿದಿತ್ತು. ಶಾಲೆಯ ಅಂಗಳದಲ್ಲಿ ಯಾರೋ ಹೆಸರು ಹಿಡಿದು ಕೂಗತೊಡಗಿದರು. ಒಂದೊಂದು ಹೆಸರಿಗೂ ಒಂದೊಂದು ಓ ಬಂತು. ಓಗೊಡದ ಹೆಸರು ಒಂದೂ ಇರಲಿಲ್ಲ.

ನಾಗವೇಣಿ ಕಂಪ್ಯೂಟರಿಗೆ ಹಿಂತಿರುಗಿದಾಗ ನಡುಸಾಲಿನ, ಕೆಳಸಾಲಿನ ಗೆರೆಗಳೆಲ್ಲ ಸತ್ತಿದ್ದವು, ಒಂದನ್ನು ಬಿಟ್ಟು. ಹುಸೇನ್‌ಬಿಯ ಮನೆಯ ಡಬ್ಬಿ ಇನ್ನೂ ಮಿಡಿಯುತ್ತಿತ್ತು. ಮಣ್ಣಿನಡಿಯಿಂದ, ಕ್ಷೀಣವಾಗಿ, ಬಿಟ್ಟು ಬಿಟ್ಟು. ಆದರೆ ಅದರ ಹೊತ್ತು ಬೇರೆಯಾಗಿತ್ತು. ತಾನೀಗ ಎಷ್ಟು ಆಳದಲ್ಲಿದ್ದೇನೆಂದು ಅದು ತನ್ನ ನಿಧಾನದಿಂದಲೇ ಹೇಳುತ್ತಿತ್ತು.

ಹಿಂದಿನಿಂದ ಹುಸೇನ್‌ಬಿಯ ದನಿ ಬಂತು. “ನನ್ನ ಮನಿ ಎಲ್ಲಿ ಹೋತು ನಾಗೂ?”

“ಇದ್ದ ಜಾಗಾದಿಂದ ಐದಾರು ಅಂತಸ್ತು ಕೆಳಗ, ಆಪಾ. ಇನ್ನಾ ಮಿಡಿಯಾಕ ಹತ್ತೈತಿ.”

ಹುಸೇನ್‌ಬಿ ಕುರ್ಚಿ ಎಳೆದುಕೊಂಡು ಕುಳಿತಳು. ಬ್ಯಾಟರಿ ಮುಗಿದು ಗೆರೆ ಆರುವವರೆಗೂ ಇಬ್ಬರೂ ಅದನ್ನು ನೋಡುತ್ತ ಕುಳಿತಿದ್ದರು, ಮನೆಯ ಹಿರಿಯರ ಕೊನೆಗಳಿಗೆಗೆ ಕೂರುವಂತೆ.

ಮಳೆಗಾಲ ಮುಗಿಯಿತು. ಶಾಲೆಯ ಹಿಂದಿನ ಬಯಲಿನಲ್ಲಿ ತಗಡಿನ ಮನೆಗಳು ಎದ್ದವು, ಮಕ್ಕಳಿಗೆ ಶಾಲೆ ಬಿಟ್ಟುಕೊಟ್ಟರು. ಎಲ್ಲರೂ ಒಂದು ಹದಕ್ಕೆ ಬಂದರೂ ಹುಸೇನ್‌ಬಿ ಬರಲಿಲ್ಲ. ಅವಳಿಗೆ ನೆಲದ ಮೇಲೆ ನಂಬಿಕೆ ಹೋಗಿತ್ತು. ಲಾರಿ ಹಾದರೆ ಎದ್ದು ಹೊರಗೆ ಓಡುತ್ತಿದ್ದಳು. ಹೊಸ ಮನೆಯಲ್ಲಿ ಚಾಪೆ ಹಾಸುತ್ತಿರಲಿಲ್ಲ. ಶಾಲೆಯಿಂದ ಬೇಡಿ ತಂದ ಬೆಂಚಿನ ಮೇಲೆ ಕಾಲು ಮೇಲೆಳೆದುಕೊಂಡೇ ಮಲಗುತ್ತಿದ್ದಳು. ವಗ್ಗರಣಿಯನ್ನೂ ನಿಂತೇ ಕಲಸುತ್ತಿದ್ದಳು. “ನಿಂತ ನೆಲಾನs ಹೊಂಟ ಮ್ಯಾಲೆ ಎಲ್ಲಿ ಕುಂದ್ರಲಿ?” ಎನ್ನುತ್ತಿದ್ದಳು.

ಆಗ ಉದಯ ಮೇಷ್ಟರು ಒಂದು ಬೇಡಿಕೆ ಇಟ್ಟರು. ಸಮುದ್ರದ ತಳದಲ್ಲಿ ಹಾಕಿದ ಕೇಬಲ್ಲಿನ ಮೂಲಕ ಅಂಡಮಾನಿನ ತಮ್ಮ ಮನೆಯ ಡಬ್ಬಿಯನ್ನೂ ಓಣಿಯಲ್ಲಿ ಉಳಿದ ಡಬ್ಬಿಗಳನ್ನೂ ಜೋಡಿಸಬೇಕು. ಅಷ್ಟು ದೂರದ ಎರಡು ಊರು ಒಂದೇ ಚಾವಡಿಯಲ್ಲಿ ಕೂತರೆ ಏನಾಗುತ್ತದೆ ನೋಡಬೇಕು. ನಾಗವೇಣಿ ಜೋಡಿಸಿದಳು. ಎರಡೂ ಊರಿನ ಎತ್ತರ ಕೊಟ್ಟಳು. ಗೆರೆಗಳು ಕೂಡಬೇಕಿತ್ತು. ಕೂಡಲಿಲ್ಲ. ಅಂಡಮಾನು ಮುಂದೆ ಹೋಯಿತು. ಆಮೇಲೆ ತಾನೇ ಹಿಂದೆ ಬಂತು. ಮತ್ತೆ ಮುಂದೆ ಹೋಯಿತು. ಹಗಲಿಗೊಮ್ಮೆ, ಇರುಳಿಗೊಮ್ಮೆ, ಉಸಿರಾಡಿದಂತೆ. ನಾಗವೇಣಿ ಫೋನಿಗೆ ಕೈಹಾಕಿದಳು. ಮತ್ತೆ ನೆಲ ಇಳಿಯಿತೇ?

ಫೋನಿನಲ್ಲಿ ಮೇಷ್ಟರು ನಕ್ಕರು. “ಹೆದರಬೇಡಿ. ಇದು ಉಬ್ಬರ. ನಮ್ಮ ಕಡಲಿಗೆ ಚಂದ್ರ ಉಬ್ಬರ ತರೋದಿಲ್ವಾ? ನೆಲಕ್ಕೂ ತರ್ತಾನೆ. ಬಂಡೆ, ಗುಡ್ಡ, ಊರು, ಎಲ್ಲಾ ಒಟ್ಟಿಗೆ ಒಂದು ಗೇಣು ಮೇಲೆ ಏಳ್ತದೆ, ಇಳೀತದೆ. ದಿನಕ್ಕೆ ಎರಡು ಸಲ. ಭೂಮಿ ಚಂದ್ರ ಆದಾಗಿಂದ ಹೀಗೇ ಅದೆ. ಎಲ್ಲಾ ಒಟ್ಟಿಗೆ ಏಳೋದ್ರಿಂದ ಯಾರಿಗೂ ಗೊತ್ತಾಗೋದಿಲ್ಲ, ಅಷ್ಟೇ. ನಿಮಗಿಂತ ನಮ್ಮಲ್ಲಿ ಒಂದು ತಾಸು ಮೊದಲು ಏಳ್ತದೆ, ಅದಕ್ಕೇ ಗೆರೆ ಕೂಡಲಿಲ್ಲ.”

ನಾಗವೇಣಿ ಫೋನ್ ಹಿಡಿದುಕೊಂಡೇ ಹುಸೇನ್‌ಬಿಯ ಮನೆಗೆ ಹೋದಳು. ಹೇಳಬೇಕೋ ಬೇಡವೋ ಎಂದು ಹೊಸ್ತಿಲಲ್ಲಿ ಒಂದು ಕ್ಷಣ ತಡೆದಳು. ಆಮೇಲೆ ಹೇಳಿಯೇಬಿಟ್ಟಳು. ಬೆಂಚಿನ ಮೇಲೆ ಕುಳಿತಿದ್ದ ಹುಸೇನ್‌ಬಿ ಮಧ್ಯೆ ಬಾಯಿ ಹಾಕದೆ ಕೇಳಿದಳು.

“ದಿನಾನೂ?” ಎಂದಳು.

“ದಿನಾ ಎರಡು ಸಲ.”

“ನಾವು ಹುಟ್ಟೂಕಿಂತ ಮೊದಲಿಂದ?”

“ಯಾರೂ ಹುಟ್ಟೂಕಿಂತ ಮೊದಲಿಂದ, ಆಪಾ.”

“ಡಂಪ್ ಹೋದಂಗ ಹೋಗೂದಿಲ್ಲ?”

“ಅದು ಹರಕೊಂಡು ಹೋತು. ಇದು ಎಲ್ಲಾರನ್ನೂ ಕೂಡೇ ಎತ್ತಿ ಇಳಸ್ತೈತಿ. ಕೂಸಿನ ಎತ್ತಿಕೊಂಡಂಗ.”

ಹೊರಗೆ ಹೊತ್ತು ಮುಳುಗಿತ್ತು. ಮೂಡಲಲ್ಲಿ, ಬತ್ತಲೆ ಗುಡ್ಡದ ಪಕ್ಕ, ದೊಡ್ಡ ಚಂದ್ರ ಮೇಲೆ ಬರುತ್ತಿದ್ದ. ಫೋನಿನಲ್ಲಿ ಉದಯ ಮೇಷ್ಟರ ದನಿ ಕೇಳಿತು. ಅದರ ಹಿಂದೆ ಎಲ್ಲೋ ಸಮುದ್ರದ ಮೊರೆತವಿತ್ತು. “ನಮ್ಮಲ್ಲಿ ಏರೋದು ಶುರುವಾಗಿ ಒಂದು ತಾಸಾಯ್ತು ನೋಡಿ. ಕಡಲು ದಾಟಿ ನಿಮ್ಮ ಕಡೆಗೇ ಬರ್ತಾ ಅದೆ.”

ಹುಸೇನ್‌ಬಿ ಬೆಂಚಿನಿಂದ ಒಂದು ಕಾಲು ಇಳಿಸಿದಳು, ಆಮೇಲೆ ಇನ್ನೊಂದು. ಹೊಸ್ತಿಲು ದಾಟಿ ಅಂಗಳಕ್ಕೆ ಬಂದಳು. ಅಲ್ಲಿ ಹಂಪಮ್ಮ, ಹುಲುಗಪ್ಪ, ಇನ್ನೂ ನಾಲ್ಕಾರು ಜನ ಮಾತು ಬಿಟ್ಟು ಅವಳನ್ನೇ ನೋಡಿದರು. ಬಹಳ ದಿನಗಳ ಮೇಲೆ ಅವಳು ಸೆರಗು ಸರಿಮಾಡಿಕೊಂಡು ಬರಿನೆಲದ ಮೇಲೆ ಕುಳಿತಳು. ಎರಡೂ ಅಂಗೈಯನ್ನು ಮಣ್ಣಿಗೆ ಊರಿದಳು. ನಾಗವೇಣಿಯೂ ಪಕ್ಕದಲ್ಲಿ ಕುಳಿತಳು.

“ಈಗ?” ಎಂದು ಹುಸೇನ್‌ಬಿ ಪಿಸುದನಿಯಲ್ಲಿ ಕೇಳಿದಳು. “ಈಗ ನಾವು ಮ್ಯಾಲೆ ಹೊಂಟೀವೋ, ಕೆಳಗ ಹೊಂಟೀವೋ?”

ನಾಗವೇಣಿ ಮೊಬೈಲಿನ ಪರದೆಯಲ್ಲಿ ಮಿಡಿಯುತ್ತಿದ್ದ ಗೆರೆ ನೋಡಿದಳು.

“ಮ್ಯಾಲೆ,” ಎಂದಳು.